ಸಾಫ್ಟ್‌ವೇರ್ ಎಂಜಿನಿಯರ್ ರೂಪುಗೊಳ್ಳುವಲ್ಲಿ ಬಾಲ್ಯದ ಮತ್ತು ಮನೆಯವರ ಪಾಲು ಎಷ್ಟು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಹಲವು ವರ್ಷಗಳಿಂದ ಸಾಫ್ಟ್‌ವೇರ್ ಎಂಜಿನಿಯರ್ ಆಗಿ ಕೆಲಸ ಮಾಡುತ್ತಿದ್ದು, ಈಚೆಗೆ ತಂಡಕ್ಕೆ ಹೊಸಬರನ್ನು ಆಯ್ಕೆ ಮಾಡುವ ಮತ್ತು ಆರಂಭದ ತಿಂಗಳುಗಳಲ್ಲಿ ಅವರಿಗೆ ಕೆಲಸ ಹೇಳಿಕೊಡುವ ಹೊಣೆಯೂ ನನ್ನ ಪಾಲಿಗೆ ಬಂದಿದೆ. ಹಾಗೆ ಬಂದವರಲ್ಲಿ ಬಹಳ ಮಂದಿ, ಸ್ವಲ್ಪ ಸಲುಗೆ ಬೆಳೆದ ಮೇಲೆ, ಒಂದೇ ಪ್ರಶ್ನೆಯನ್ನು ಕೇಳುತ್ತಾರೆ: ತಾವು ಈ ಕ್ಷೇತ್ರಕ್ಕೆ ಹೇಗೆ ಬಂದಿರಿ, ಚಿಕ್ಕಂದಿನಿಂದಲೇ ಕಂಪ್ಯೂಟರಿನ ಗೀಳಿತ್ತೇ? ನಮ್ಮ ಮನೆಯಲ್ಲಿ ಕಂಪ್ಯೂಟರೇ ಇರಲಿಲ್ಲ ಎಂದಾಗ ಕೆಲವರ ಮುಖದಲ್ಲಿ ಸಮಾಧಾನ ಕಾಣುತ್ತದೆ. ಆದರೆ ಅಷ್ಟು ಹೇಳಿ ಸುಮ್ಮನಾದರೆ ಪೂರ್ತಿ ನಿಜ ಹೇಳಿದಂತಾಗುವುದಿಲ್ಲ.

ನಮ್ಮ ತಂದೆಯವರು ರೇಡಿಯೊ ಮತ್ತು ಟೇಪ್‌ರೆಕಾರ್ಡರ್ ರಿಪೇರಿ ಮಾಡುತ್ತಿದ್ದರು. ಶಾಲೆ ಬಿಟ್ಟ ಮೇಲೆ ಅವರ ಮೇಜಿನ ಪಕ್ಕದಲ್ಲಿ ಕೂತು, ಬಿಚ್ಚಿದ ಸ್ಕ್ರೂಗಳನ್ನು ಅದೇ ಕ್ರಮದಲ್ಲಿ ಡಬ್ಬಿಯ ಮುಚ್ಚಳದೊಳಗೆ ಜೋಡಿಸಿಡುವುದು ನನ್ನ ಕೆಲಸವಾಗಿತ್ತು. ಸದ್ದೇ ಇಲ್ಲದ ಬ್ಯಾಟರಿ ರೇಡಿಯೊ ಬಂದರೆ ಅವರು ಮೊದಲು ಮೀಟರ್ ಹಿಡಿದು ಒಳಗೆ ಕರೆಂಟು ಬರುತ್ತಿದೆಯೇ ಎಂದು ನೋಡುತ್ತಿದ್ದರು. ಅದು ಸರಿಯಿದ್ದರೆ, ಸ್ಕ್ರೂಡ್ರೈವರಿನ ಲೋಹವನ್ನು ಬೆರಳಿನಿಂದ ಮುಟ್ಟಿಕೊಂಡೇ ಅದರ ತುದಿಯನ್ನು ವಾಲ್ಯೂಮ್ ಕಂಟ್ರೋಲಿನ ನಡುವಿನ ಕಾಲಿಗೆ ತಾಗಿಸುತ್ತಿದ್ದರು. ಸ್ಪೀಕರಿನಲ್ಲಿ ಗುಂಯ್‌ಗುಟ್ಟುವ ಸದ್ದು ಬಂದರೆ ಅಲ್ಲಿಂದ ಸ್ಪೀಕರಿನವರೆಗಿನ ಭಾಗ ಸರಿಯಿದೆ, ದೋಷವಿರುವುದು ಅದಕ್ಕಿಂತ ಹಿಂದೆ. ಬಾರದಿದ್ದರೆ ದೋಷ ಮುಂದಿನ ಭಾಗದಲ್ಲಿದೆ. ಹೀಗೆ ಒಂದೇ ಸಲ ಮುಟ್ಟಿ ಅರ್ಧ ರೇಡಿಯೊವನ್ನು ಅನುಮಾನದಿಂದ ಹೊರಗಿಡುತ್ತಿದ್ದರು. ಮುಂದೆ ನಾನು ಕೆಲಸಕ್ಕೆ ಸೇರಿ, ಕೋಡಿನ ಬದಲಾವಣೆಗಳನ್ನು ಕಮಿಟ್ ಎಂಬ ಹೆಜ್ಜೆಗಳಾಗಿ ದಾಖಲಿಸಿಡುವ ಗಿಟ್ ತಂತ್ರಾಂಶದ, ಅರ್ಧರ್ಧ ಮಾಡುತ್ತಾ ಹುಡುಕುವ ಬೈಸೆಕ್ಟ್ ಆಜ್ಞೆಯನ್ನು ಬಳಸಿ, ಸಾವಿರ ಕಮಿಟ್‌ಗಳ ನಡುವೆ ಅಡಗಿದ್ದ ಬಗ್ (ದೋಷ) ಸುಮಾರು ಹತ್ತೇ ಪರೀಕ್ಷೆಗಳಲ್ಲಿ ಸಿಗುವುದನ್ನು ಕಂಡಾಗ ನನಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ. ಅದು ಮನೆಯಲ್ಲಿ ನೋಡಿದ ವಿದ್ಯೆಯೇ ಆಗಿತ್ತು.

ನನ್ನ ಪ್ರಶ್ನೆ ಇಷ್ಟು. ಮನೆಯ ಪ್ರಭಾವವೆನ್ನುವುದು ನಿಜವಾಗಿಯೂ ಇಷ್ಟು ದೂರ ಬರುತ್ತದೆಯೇ, ಅಥವಾ ಎಂಜಿನಿಯರ್ ಆದ ಮೇಲೆ ಹಿಂತಿರುಗಿ ನೋಡಿ, ನಮಗೆ ಬೇಕಾದ ನೆನಪುಗಳನ್ನಷ್ಟೇ ಆರಿಸಿಕೊಳ್ಳುತ್ತೇವೆಯೇ? ಪ್ರಭಾವ ನಿಜವೇ ಆಗಿದ್ದರೆ, ಅಂಥ ಮೇಜಿನ ಪಕ್ಕ ಕೂರುವ ಅವಕಾಶ ಸಿಗದೆ ಬಂದವರನ್ನು ಸಂದರ್ಶನದಲ್ಲಿ ಹೇಗೆ ನೋಡಬೇಕು? ಅನುಭವವಿರುವವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಮೊದಲ ಉತ್ತರ

ತಮ್ಮ ತಂದೆಯವರ ಸ್ಕ್ರೂಡ್ರೈವರಿನ ವಿವರಣೆಯನ್ನು ಓದಿ ಬಹಳ ಸಂತೋಷವಾಯಿತು. ಪ್ರಭಾವ ನಿಜವೆಂದೇ ನನ್ನ ಅಭಿಪ್ರಾಯ. ಆದರೆ ಪ್ರಭಾವ ಎಂದಾಗ ನಾವು ಸಾಮಾನ್ಯವಾಗಿ ತಪ್ಪು ಜಾಗದಲ್ಲಿ ಹುಡುಕುತ್ತೇವೆ. ಮನೆಯಲ್ಲಿ ಕಂಪ್ಯೂಟರ್ ಇತ್ತೇ, ತಂದೆತಾಯಿ ಎಷ್ಟು ಓದಿದ್ದರು ಎಂದು ಕೇಳುತ್ತೇವೆಯೇ ಹೊರತು, ದೊಡ್ಡವರು ತಮ್ಮ ನಿಜವಾದ ಕೆಲಸದಲ್ಲಿ ಮಗುವಿಗೆ ಒಂದು ಪಾಲು ಕೊಟ್ಟಿದ್ದರೇ ಎಂದು ಕೇಳುವುದಿಲ್ಲ. ತಮಗೆ ಸ್ಕ್ರೂ ಜೋಡಿಸುವ ಕೆಲಸ ಸಿಕ್ಕಿತ್ತು. ಅದು ಆಟಕ್ಕೆಂದು ಕೊಟ್ಟದ್ದಲ್ಲ. ಕ್ರಮ ತಪ್ಪಿದರೆ ರೇಡಿಯೊ ಮತ್ತೆ ಸರಿಯಾಗಿ ಕೂರುತ್ತಿರಲಿಲ್ಲ.

ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯನ್ನು ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಅವರ ಬಾಲ್ಯವನ್ನು ನೋಡಿ. ಅವರ ತಂದೆತಾಯಿ ಇಬ್ಬರೂ ಪತ್ರಕರ್ತರು. ಕಂಪ್ಯೂಟರ್ ಬಂದದ್ದು ತಾಯಿಯ ತಂದೆ ಲಿಯೋ ಟರ್ನ್‌ಕ್ವಿಸ್ಟ್ ಅವರಿಂದ. ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಆ ಅಜ್ಜ 1981ರ ಸುಮಾರಿಗೆ ಕೊಮೊಡೋರ್ ವಿಕ್-20 ಕೊಂಡರು. ತಾವು ಕಾಗದದ ಮೇಲೆ ಬರೆದುಕೊಂಡಿದ್ದ ಪ್ರೋಗ್ರಾಮುಗಳನ್ನು ಮೊಮ್ಮಗನಿಂದ ಟೈಪ್ ಮಾಡಿಸುತ್ತಿದ್ದರು. ಇಲ್ಲಿ ಅಜ್ಜ ಪಾಠ ಹೇಳಲು ಕೂತವರಲ್ಲ. ಅವರಿಗೆ ಲೆಕ್ಕ ಆಗಬೇಕಿತ್ತು, ಮೊಮ್ಮಗನ ಬೆರಳುಗಳು ಅದಕ್ಕೆ ನೆರವಾದವು. ಆ ಹುಡುಗ 1991ರಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್ಲನ್ನು ಬಿಡುಗಡೆ ಮಾಡಿದ್ದು ಎಲ್ಲರಿಗೂ ಗೊತ್ತಿರುವ ಸಂಗತಿ.

ವೆಬ್ ರೂಪಿಸಿದ ಟಿಮ್ ಬರ್ನರ್ಸ್-ಲೀ ಅವರ ಮನೆ ಇದಕ್ಕೆ ತೀರ ಭಿನ್ನ. ಅವರ ತಂದೆ ಕಾನ್ವೇ ಮತ್ತು ತಾಯಿ ಮೇರಿ ಲೀ ವುಡ್ಸ್ ಇಬ್ಬರೂ ಮಾರಾಟಕ್ಕೆ ಬಂದ ಮೊಟ್ಟಮೊದಲ ಕಂಪ್ಯೂಟರುಗಳಲ್ಲಿ ಒಂದಾದ ಫೆರಾಂಟಿ ಮಾರ್ಕ್ 1ರ ಮೇಲೆ ಕೆಲಸ ಮಾಡಿದವರು. ತಾಯಿಯವರಂತೂ ಅಲ್ಲಿ ಮಹಿಳಾ ಪ್ರೋಗ್ರಾಮರುಗಳಿಗೂ ಪುರುಷರಷ್ಟೇ ಸಂಬಳ ಸಿಗಬೇಕೆಂದು ವಾದಿಸಿ ಗೆದ್ದವರು. ಆದರೂ ಮಗನ ಮೇಲೆ ಗಾಢವಾಗಿ ನಿಂತದ್ದು ಮನೆಯಲ್ಲಿ ನಡೆದ ಒಂದು ಮಾತುಕತೆ. ಮಗ ಶಾಲೆಯಿಂದ ಮನೆಗೆ ಬಂದಾಗ ತಂದೆ ಒಂದು ಭಾಷಣದ ಸಿದ್ಧತೆಗಾಗಿ ಮೆದುಳಿನ ಕುರಿತ ಪುಸ್ತಕಗಳನ್ನು ಓದುತ್ತಿದ್ದರು. ಮೆದುಳು ಒಂದು ವಿಷಯವನ್ನು ಮತ್ತೊಂದಕ್ಕೆ ತಾನಾಗಿ ಜೋಡಿಸಿಕೊಳ್ಳುವಂತೆ ಕಂಪ್ಯೂಟರಿಗೂ ಸಾಧ್ಯವಾಗಬಹುದೇ ಎಂದು ಅವರು ಯೋಚಿಸುತ್ತಿದ್ದರು. ಆ ಮಾತು ತಮ್ಮೊಳಗೆ ಉಳಿಯಿತೆಂದು ಬರ್ನರ್ಸ್-ಲೀ ಅವರೇ ಹೇಳಿಕೊಂಡಿದ್ದಾರೆ. ದಾಖಲೆಗಳನ್ನು ಕೊಂಡಿಗಳಿಂದ ಜೋಡಿಸುವ, ಮುಂದೆ ವೆಬ್ ಆದ ಪ್ರಸ್ತಾವವನ್ನು ಅವರು ಯುರೋಪಿನ ಭೌತವಿಜ್ಞಾನ ಸಂಶೋಧನಾ ಕೇಂದ್ರವಾದ ಸರ್ನ್ ಸಂಸ್ಥೆಯಲ್ಲಿ ಮುಂದಿಟ್ಟದ್ದು 1989ರಲ್ಲಿ. ಉತ್ತರ ಸಿಕ್ಕಿರದ ಪ್ರಶ್ನೆಯೊಂದನ್ನು ಮಗನ ಎದುರು ಬಿಡಿಸಿಟ್ಟ ತಂದೆಯನ್ನು ನಾನು ಬಹಳ ಗೌರವಿಸುತ್ತೇನೆ. ಮಕ್ಕಳ ಮುಂದೆ ಗೊತ್ತಿರುವುದನ್ನು ಮಾತ್ರ ಮಾತಾಡುವವರು ನಮ್ಮಲ್ಲಿ ಹೆಚ್ಚು.

ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕನೂತ್ ಅವರ ತಂದೆ ಲೆಕ್ಕಪತ್ರ ಬರೆಯುವುದನ್ನು ಕಲಿಸುತ್ತಿದ್ದರು, ಜೊತೆಗೆ ಒಂದು ಸಣ್ಣ ಮುದ್ರಣದ ಕೆಲಸವನ್ನೂ ನಡೆಸುತ್ತಿದ್ದರು. ಆ ಮಗ ದೊಡ್ಡವನಾಗಿ, 1977ರಲ್ಲಿ ತನ್ನದೇ ಪುಸ್ತಕದ ಹೊಸ ಆವೃತ್ತಿಯ ಕರಡಚ್ಚು ಕೈಗೆ ಬಂದಾಗ ಅಕ್ಷರಗಳ ಅಂದ ಕೆಟ್ಟಿರುವುದನ್ನು ಕಂಡು, ಬೇರೆಲ್ಲ ಕೆಲಸ ಬದಿಗಿಟ್ಟು ಟೆಕ್ ಎಂಬ ಅಕ್ಷರಜೋಡಣೆಯ ತಂತ್ರಾಂಶವನ್ನು ಬರೆಯಲು ಕೂತರು. ಇದಕ್ಕೆ ಅದೇ ಕಾರಣವೆಂದು ನಾನು ಸಾಧಿಸಲಾರೆ. ಆದರೆ ಅಚ್ಚಿನ ಪುಟ ಹೇಗಿರಬೇಕೆಂಬ ಕಣ್ಣು ಮುದ್ರಣದ ಮನೆಯಲ್ಲಿ ಬೆಳೆದವರಿಗೆ ಬೇಗ ಬರುತ್ತದೆಂಬುದು ನನ್ನ ನಂಬಿಕೆ.

ಇವೆಲ್ಲಕ್ಕಿಂತ ನನಗೆ ಹೆಚ್ಚು ಮುಖ್ಯವೆನಿಸುವುದು ಕಂಪ್ಯೂಟರ್ ವಿಜ್ಞಾನಿ ಗ್ರೇಸ್ ಹಾಪರ್ ಅವರ ತಾಯಿಯ ನಡವಳಿಕೆ. 1906ರಲ್ಲಿ ಹುಟ್ಟಿದ ಗ್ರೇಸ್, ಏಳು ವರ್ಷದ ಹುಡುಗಿಯಾಗಿದ್ದಾಗ, ಅಲಾರಾಂ ಗಡಿಯಾರ ಹೇಗೆ ನಡೆಯುತ್ತದೆಂದು ತಿಳಿಯಲು ಮನೆಯಲ್ಲಿದ್ದ ಗಡಿಯಾರಗಳನ್ನು ಒಂದಾದ ಮೇಲೊಂದರಂತೆ ಬಿಚ್ಚಿಹಾಕಿದ್ದರು. ಅದು ಗೊತ್ತಾದ ಮೇಲೆ ತಾಯಿ ಗಡಿಯಾರ ಬಿಚ್ಚುವುದನ್ನು ನಿಲ್ಲಿಸಲಿಲ್ಲ. ಬಿಚ್ಚುವುದಕ್ಕೆ ಒಂದು ಗಡಿಯಾರ ಸಾಕು ಎಂದರು. ಕುತೂಹಲಕ್ಕೆ ಮಿತಿ ಹಾಕುವುದು ಬೇರೆ, ಕುತೂಹಲವನ್ನೇ ತಪ್ಪೆನ್ನುವುದು ಬೇರೆ. ಅದೇ ಹುಡುಗಿ 1952ರ ಹೊತ್ತಿಗೆ ಎ-0 ಎಂಬ, ಕಂಪೈಲರುಗಳ (ಮನುಷ್ಯರು ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ತಂತ್ರಾಂಶಗಳ) ಚರಿತ್ರೆಯಲ್ಲಿ ಮೊದಲನೆಯ ಸಾಲಿನಲ್ಲಿ ನಿಲ್ಲುವ, ವ್ಯವಸ್ಥೆಯನ್ನು ರೂಪಿಸಿದರು. ಯಂತ್ರವೇ ಪ್ರೋಗ್ರಾಂ ಬರೆಯುವ ಕೆಲಸದಲ್ಲಿ ಪಾಲು ತೆಗೆದುಕೊಳ್ಳಲಿ ಎಂಬ ಅವರ ಮಾತನ್ನು ಆಗ ಅನೇಕರು ನಂಬಿರಲಿಲ್ಲ.

ಎರಡನೆಯ ಉತ್ತರ

ಮೇಲಿನ ಉತ್ತರ ಬರೆದವರ ಓದಿನ ಬಗ್ಗೆ ನನಗೆ ಗೌರವವಿದೆ, ಆದರೆ ಈ ಬಗೆಯ ಉದಾಹರಣೆಗಳಿಂದಲೇ ತೀರ್ಮಾನಕ್ಕೆ ಬರುವುದನ್ನು ನಾನು ಒಪ್ಪುವುದಿಲ್ಲ. ಇವರೆಲ್ಲ ಗೆದ್ದವರು, ಗೆದ್ದವರ ಬಾಲ್ಯವನ್ನು ಕೆದಕಿದರೆ ಒಬ್ಬ ಅಜ್ಜನೋ ಒಂದು ಗಡಿಯಾರವೋ ಸಿಕ್ಕೇ ಸಿಗುತ್ತದೆ. ಅಂಥದ್ದೇ ಗಡಿಯಾರವನ್ನು ಬಿಚ್ಚಿ ಏಟು ತಿಂದು ಸುಮ್ಮನಾದ ಹುಡುಗಿಯರ ಲೆಕ್ಕ ಯಾರ ಬಳಿಯೂ ಇಲ್ಲ. ಆದ್ದರಿಂದ ಒಬ್ಬೊಬ್ಬರ ಕತೆಯನ್ನು ಬಿಟ್ಟು, ಬಹಳ ಜನರನ್ನು ಒಟ್ಟಿಗೆ ನೋಡಿದ ಅಧ್ಯಯನಗಳು ಏನು ಹೇಳುತ್ತವೆ ಎಂದು ವಿಚಾರಿಸುವುದು ಒಳ್ಳೆಯದು.

ಅರ್ಥಶಾಸ್ತ್ರಜ್ಞರಾದ ಅಲೆಕ್ಸ್ ಬೆಲ್, ರಾಜ್ ಚೆಟ್ಟಿ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನ ಅಮೆರಿಕದ ಸುಮಾರು 12 ಲಕ್ಷ ಪೇಟೆಂಟುದಾರರ ಬದುಕನ್ನು ಪರಿಶೀಲಿಸಿತು. ಆದಾಯದಲ್ಲಿ ಅತಿ ಮೇಲಿನ ಶೇ. 1ರಷ್ಟು ಕುಟುಂಬಗಳ ಮಕ್ಕಳು, ಕೆಳಗಿನ ಅರ್ಧದ ಕುಟುಂಬಗಳ ಮಕ್ಕಳಿಗಿಂತ ಹತ್ತು ಪಟ್ಟು ಹೆಚ್ಚಾಗಿ ಆವಿಷ್ಕಾರಕರಾಗುತ್ತಾರೆಂದು ಅದು ತೋರಿಸಿತು. ಮೂರನೆಯ ತರಗತಿಯ ಗಣಿತದಲ್ಲಿ ಇಬ್ಬರೂ ಸಮಾನವಾಗಿ ಮುಂದಿದ್ದಾಗಲೂ ಈ ಅಂತರ ಮುಚ್ಚುವುದಿಲ್ಲ. ಅದಕ್ಕಿಂತಲೂ ಸೂಕ್ಷ್ಮವಾದ ಸಂಗತಿ ಇನ್ನೊಂದಿದೆ: ಮಗು ಬೆಳೆಯುವ ಪರಿಸರದಲ್ಲಿ ಯಾವ ತಂತ್ರಜ್ಞಾನದ ಆವಿಷ್ಕಾರಕರು ಹೆಚ್ಚಾಗಿರುತ್ತಾರೋ, ಮುಂದೆ ಅದೇ ತಂತ್ರಜ್ಞಾನದಲ್ಲಿ ಪೇಟೆಂಟ್ ಪಡೆಯುವ ಸಾಧ್ಯತೆ ಹೆಚ್ಚು, ಹೆಣ್ಣುಮಕ್ಕಳ ಮಟ್ಟಿಗೆ ಈ ಪ್ರಭಾವ ಬೀರುವುದು ಅಲ್ಲಿರುವ ಮಹಿಳಾ ಆವಿಷ್ಕಾರಕರು, ಪುರುಷರಲ್ಲ. ಅಂದರೆ ಪ್ರಶ್ನೆ ಕೇಳಿದವರ ಅನುಮಾನಕ್ಕೆ ಉತ್ತರ ಇಲ್ಲಿದೆ. ಪ್ರಭಾವ ಕೇವಲ ನೆನಪಿನ ಆಯ್ಕೆಯಲ್ಲ, ಅದು ನಿಜ. ಆದರೆ ಅದು ಪ್ರತಿಭೆಯ ಹಂಚಿಕೆಯಲ್ಲ, ಅವಕಾಶದ ಹಂಚಿಕೆ.

ನಮ್ಮ ಮನೆಯಲ್ಲಿ ಕಂಪ್ಯೂಟರ್ ಇತ್ತು. ಅದನ್ನು ಇಟ್ಟದ್ದು ಅಣ್ಣನ ಕೋಣೆಯಲ್ಲಿ. ನನಗೆ ಅದನ್ನು ಮುಟ್ಟಬೇಡವೆಂದು ಯಾರೂ ಹೇಳಲಿಲ್ಲ, ಆದರೆ ಅದರ ಮುಂದೆ ಕೂರಲು ಪ್ರತಿ ಸಲವೂ ಅಣ್ಣನನ್ನು ಕೇಳಬೇಕಿತ್ತು, ಅವನಿಗೆ ಕೇಳುವ ಅಗತ್ಯವಿರಲಿಲ್ಲ. ಅಪ್ಪ ಹೊಸ ಬಿಡಿಭಾಗ ತಂದರೆ ಅವನನ್ನು ಕರೆದು ಕೇಸಿನ ಮುಚ್ಚಳ ತೆಗೆಸುತ್ತಿದ್ದರು, ನನ್ನನ್ನು ಟಾರ್ಚ್ ಹಿಡಿಯಲು ಕರೆಯುತ್ತಿದ್ದರು. ಬಹಳ ವರ್ಷಗಳ ನಂತರ ಜೇನ್ ಮಾರ್ಗೋಲಿಸ್ ಮತ್ತು ಆಲನ್ ಫಿಷರ್ ಅವರು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 1990ರ ದಶಕದ ಉತ್ತರಾರ್ಧದಲ್ಲಿ ನಡೆಸಿದ ಅಧ್ಯಯನವನ್ನು ಓದಿದಾಗ, ಅನೇಕ ಮನೆಗಳಲ್ಲಿ ಕಂಪ್ಯೂಟರ್ ಗಂಡುಮಕ್ಕಳ ಕೋಣೆ ಸೇರುತ್ತಿತ್ತೆಂಬ ವಿವರ ಕಂಡು ನನ್ನ ಮನೆಯ ವಿಷಯವನ್ನೇ ಯಾರೋ ಬರೆದಂತಾಯಿತು. ಅಮೆರಿಕದಲ್ಲಿ ಕಂಪ್ಯೂಟರ್ ವಿಜ್ಞಾನದ ಪದವಿ ಪಡೆಯುವವರಲ್ಲಿ ಮಹಿಳೆಯರ ಪಾಲು 1984ರ ಸುಮಾರಿಗೆ ಶೇ. 37ರಷ್ಟಿದ್ದು, ಆಮೇಲೆ ಇಳಿಯತೊಡಗಿತು. ಗೃಹಬಳಕೆಯ ಕಂಪ್ಯೂಟರುಗಳು ಹುಡುಗರ ಆಟಿಕೆಯೆಂಬಂತೆ ಮನೆಗಳನ್ನು ಹೊಕ್ಕ ಕಾಲವೂ ಅದೇ. ಹುಡುಗರು ವರ್ಷಗಟ್ಟಲೆ ಅಭ್ಯಾಸ ಮಾಡಿಕೊಂಡು ತರಗತಿಗೆ ಬರುತ್ತಿದ್ದರು, ಹುಡುಗಿಯರು ಆ ಅಭ್ಯಾಸವನ್ನು ಹುಟ್ಟುಗುಣವೆಂದು ತಿಳಿದು ಹಿಂಜರಿಯುತ್ತಿದ್ದರು.

ಕಾರ್ನೆಗಿ ಮೆಲನ್ ಆಮೇಲೆ ಪ್ರವೇಶದ ವೇಳೆ ಹಿಂದಿನ ಪ್ರೋಗ್ರಾಮಿಂಗ್ ಅನುಭವಕ್ಕೆ ಕೊಡುತ್ತಿದ್ದ ಹೆಚ್ಚಿನ ಬೆಲೆಯನ್ನು ತೆಗೆದುಹಾಕಿತು, ಬೇರೆ ಬೇರೆ ಅನುಭವದವರಿಗೆ ಬೇರೆ ಬೇರೆ ಆರಂಭದ ದಾರಿಗಳನ್ನು ಮಾಡಿತು. ಅಲ್ಲಿ ಕಂಪ್ಯೂಟರ್ ವಿಜ್ಞಾನಕ್ಕೆ ಹೊಸದಾಗಿ ಸೇರುವವರಲ್ಲಿ ಮಹಿಳೆಯರ ಪಾಲು 1995ರಲ್ಲಿ ಶೇ. 7 ಇದ್ದದ್ದು 2000ದ ಹೊತ್ತಿಗೆ ಶೇ. 42ಕ್ಕೆ ಏರಿತು. ಇದು ನಿಮ್ಮ ಎರಡನೆಯ ಪ್ರಶ್ನೆಗೆ ನೇರವಾದ ಉತ್ತರ. ಸಂದರ್ಶನದಲ್ಲಿ "ಯಾವಾಗಿನಿಂದ ಕೋಡ್ ಬರೆಯುತ್ತಿದ್ದೀರಿ" ಎಂಬ ಪ್ರಶ್ನೆಯನ್ನು ದಯವಿಟ್ಟು ಬಿಟ್ಟುಬಿಡಿ. ಅದಕ್ಕೆ ಸಿಗುವ ಉತ್ತರ ಅಭ್ಯರ್ಥಿಯ ಬಗ್ಗೆ ಹೇಳುವುದಕ್ಕಿಂತ ಅವರ ಮನೆಯ ಕೋಣೆಗಳ ಬಗ್ಗೆಯೇ ಹೆಚ್ಚು ಹೇಳುತ್ತದೆ.

ಮೂರನೆಯ ಉತ್ತರ

ಇಬ್ಬರೂ ಒಳ್ಳೆಯ ವಿಚಾರಗಳನ್ನೇ ಬರೆದಿದ್ದೀರಿ. ಮನೆ ಕೊಡುವುದು ಬರೀ ಒಳ್ಳೆಯದನ್ನಲ್ಲ ಎಂಬ ಮಾತು ಇಲ್ಲಿ ಬರಲಿಲ್ಲವಾದ್ದರಿಂದ ಸೇರಿಸುತ್ತಿದ್ದೇನೆ.

ನಮ್ಮ ತಾಯಿ ಒಂದು ಸಣ್ಣ ಸಂಸ್ಥೆಯಲ್ಲಿ ಲೆಕ್ಕ ಬರೆಯುತ್ತಿದ್ದರು. ಲೆಡ್ಜರಿನಲ್ಲಿ ತಪ್ಪು ನಮೂದು ಬಿದ್ದರೆ ಅವರು ಅದನ್ನು ಎಂದೂ ಉಜ್ಜಿ ಅಳಿಸುತ್ತಿರಲಿಲ್ಲ. ಆ ನಮೂದನ್ನು ಹಾಗೆಯೇ ಉಳಿಸಿ, ಅದಕ್ಕೆ ಎದುರಾಗಿ ಅಷ್ಟೇ ಮೊತ್ತದ ಇನ್ನೊಂದು ನಮೂದು ಬರೆದು ರದ್ದುಗೊಳಿಸಿ, ಕೆಳಗೆ ಸರಿಯಾದದ್ದನ್ನು ಬರೆಯುತ್ತಿದ್ದರು. ಪಕ್ಕದಲ್ಲಿ ಕಾರಣವನ್ನೂ ಒಂದು ಸಾಲಿನಲ್ಲಿ ಸೇರಿಸುತ್ತಿದ್ದರು. ತಪ್ಪು ಎಲ್ಲಿ ಆಯಿತೆಂದು ಮುಂದೆ ಬರುವವರಿಗೆ ಗೊತ್ತಾಗಬೇಕಲ್ಲ ಎನ್ನುತ್ತಿದ್ದರು. ಹಣದ ವಹಿವಾಟಿನ ಡೇಟಾಬೇಸುಗಳ ಮೇಲೆ ಕೆಲಸ ಮಾಡುವ ನನಗೆ ಇಂದಿಗೂ ಇದಕ್ಕಿಂತ ಒಳ್ಳೆಯ ನಿಯಮ ಸಿಕ್ಕಿಲ್ಲ. ಗಿಟ್ ತಂತ್ರಾಂಶದ ರಿವರ್ಟ್ ಎಂಬ ಆಜ್ಞೆ ಮಾಡುವುದೂ ಇದನ್ನೇ. ಹಳೆಯ ಕಮಿಟನ್ನು ಅಳಿಸದೆ ಅದಕ್ಕೆ ಎದುರಾದ ಹೊಸ ಕಮಿಟನ್ನು ಸೇರಿಸುತ್ತದೆ.

ಆದರೆ ಅದೇ ಮನೆಯಲ್ಲಿ ಅಂಕಪಟ್ಟಿ ಬಂದ ದಿನ ಮಾತ್ರ ಬೇರೆಯ ನ್ಯಾಯ ನಡೆಯುತ್ತಿತ್ತು. ತಂದೆಯವರು ಸರಿಯಾದ ಉತ್ತರಗಳನ್ನು ನೋಡುತ್ತಲೇ ಇರಲಿಲ್ಲ, ಕಳೆದುಹೋದ ಅಂಕಗಳನ್ನಷ್ಟೇ ಎಣಿಸುತ್ತಿದ್ದರು. ಜಾಣರಾದವರು ತಪ್ಪು ಮಾಡುವುದಿಲ್ಲ ಎಂಬುದು ಅವರ ದೃಢವಾದ ನಂಬಿಕೆಯಾಗಿತ್ತು. ಅವರದು ದುರುದ್ದೇಶವೇನಲ್ಲ, ತಮಗೆ ಸಿಗದ ಓದು ಮಕ್ಕಳಿಗೆ ಸಿಗಲೆಂಬ ಆತಂಕ ಹಾಗೆ ಮಾತಾಡಿಸುತ್ತಿತ್ತು. ಆದರೆ ಅದರ ಫಲವಾಗಿ, ಕೆಲಸಕ್ಕೆ ಸೇರಿದ ಮೊದಲಿಗೆ ಕೋಡ್ ರಿವ್ಯೂನಲ್ಲಿ (ಬರೆದ ಕೋಡನ್ನು ಸಹೋದ್ಯೋಗಿಗಳು ಪರಿಶೀಲಿಸುವಾಗ) ಯಾರಾದರೂ ಒಂದು ಸಾಲಿನ ಸಲಹೆ ಬರೆದರೂ ನನಗೆ ಅಂಕಪಟ್ಟಿಯ ದಿನವೇ ಕಣ್ಣಮುಂದೆ ಬರುತ್ತಿತ್ತು. ಇಂಥ ಮನೆಗಳಿಂದ ಬಂದವರು ಪ್ರಶ್ನೆ ಕೇಳುವುದಿಲ್ಲ, ಪೂರ್ತಿ ಮುಗಿಯುವವರೆಗೆ ಕೋಡನ್ನು ಯಾರಿಗೂ ತೋರಿಸುವುದಿಲ್ಲ. ಹೊರಗಿನಿಂದ ನೋಡುವವರಿಗೆ ಅದು ಅಹಂಕಾರದಂತೆ ಅಥವಾ ನಿರಾಸಕ್ತಿಯಂತೆ ಕಾಣುತ್ತದೆ.

ಈ ನಂಬಿಕೆ ಮನೆಗಳಿಗಷ್ಟೇ ಸೀಮಿತವಲ್ಲ. ಚಂದ್ರನಲ್ಲಿಗೆ ಮನುಷ್ಯರನ್ನು ಕಳಿಸಿದ ಅಪೊಲೊ ಯೋಜನೆಯ ಹಾರಾಟದ ತಂತ್ರಾಂಶವನ್ನು ರೂಪಿಸಿದ ತಂಡದ ನಾಯಕಿ ಮಾರ್ಗರೆಟ್ ಹ್ಯಾಮಿಲ್ಟನ್ ಅವರು ತಮ್ಮ ಪುಟ್ಟ ಮಗಳನ್ನು ಪ್ರಯೋಗಾಲಯಕ್ಕೆ ಕರೆದೊಯ್ಯುತ್ತಿದ್ದರು. ಒಮ್ಮೆ ಆ ಮಗು ಸಿಮ್ಯುಲೇಟರಿನ ಕೀಲಿಗಳನ್ನು ಒತ್ತುತ್ತಾ, ಹಾರಾಟದ ನಡುವೆ ಉಡಾವಣೆಗೆ ಮುಂಚಿನ ಪಿ01 ಎಂಬ ಪ್ರೋಗ್ರಾಮನ್ನು ಶುರು ಮಾಡಿಬಿಟ್ಟಿತು, ವ್ಯವಸ್ಥೆ ಕುಸಿಯಿತು. ಇದನ್ನು ತಡೆಯುವ ಕೋಡ್ ಸೇರಿಸೋಣವೆಂದು ಹ್ಯಾಮಿಲ್ಟನ್ ಕೇಳಿದಾಗ, ಗಗನಯಾತ್ರಿಗಳು ತಪ್ಪು ಮಾಡದಂತೆ ತರಬೇತಾದವರು, ಅದರ ಅಗತ್ಯವಿಲ್ಲ ಎಂಬ ಉತ್ತರ ಬಂತು. 1968ರ ಅಪೊಲೊ 8ರ ಯಾನದಲ್ಲಿ ಗಗನಯಾತ್ರಿ ಜಿಮ್ ಲವೆಲ್ ಅವರಿಂದ ಅದೇ ಪಿ01 ಆಯ್ಕೆಯಾಗಿ, ದಿಕ್ಕಿನ ಲೆಕ್ಕದ ಮಾಹಿತಿ ಅಳಿಸಿಹೋಗಿ, ಅದನ್ನು ಮತ್ತೆ ಭೂಮಿಯಿಂದ ಕಳಿಸಬೇಕಾಯಿತು. ತಾಯಿ ಮಗಳಿಂದ ಕಲಿತ ಪಾಠ ಎಷ್ಟು ದೂರ ಬಂತು ನೋಡಿ. ಬಾಲ್ಯದ ಪ್ರಭಾವವೆಂದರೆ ದೊಡ್ಡವರಿಂದ ಚಿಕ್ಕವರಿಗೆ ಹರಿಯುವುದೆಂದೇ ನಾವು ಭಾವಿಸುತ್ತೇವೆ, ಇಲ್ಲಿ ಅದು ತಿರುಗಿ ಹರಿದಿದೆ.

ನನ್ನ ಭಯ ಹೋದದ್ದು ಉಪದೇಶದಿಂದಲ್ಲ. ನಮ್ಮ ತಂಡದ ಹಿರಿಯರೊಬ್ಬರು ತಮ್ಮ ಅರೆಬರೆ ಕೋಡನ್ನು ನನಗೆ ಕಳಿಸಿ, ಇದರಲ್ಲಿ ಏನೋ ಎಡವಟ್ಟಿದೆ, ಸ್ವಲ್ಪ ನೋಡಿ ಹೇಳುತ್ತೀರಾ ಎಂದು ಕೇಳತೊಡಗಿದರು. ಹಿರಿಯರ ಕೋಡಿನಲ್ಲೂ ದೋಷ ಇರುತ್ತದೆ, ಅದನ್ನು ಹೇಳಿದರೆ ಯಾರೂ ಸಿಡುಕುವುದಿಲ್ಲ ಎಂಬುದನ್ನು ದಿನವೂ ಕಂಡ ಮೇಲೆ ನಾನೂ ಮುಗಿಯದ ಕೆಲಸವನ್ನು ತೋರಿಸಲು ಕಲಿತೆ. ಮನೆಯಲ್ಲಿ ಕಲಿತದ್ದನ್ನು ಮರೆಯಲು ಇನ್ನೊಂದು ಮನೆಯಂಥ ಜಾಗ ಬೇಕಾಗುತ್ತದೆ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಮೊದಲನೆಯವರು ಹೇಳಿದ "ನಿಜವಾದ ಕೆಲಸದಲ್ಲಿ ಪಾಲು" ಎಂಬ ಮಾತು ನನ್ನ ಅನುಭವಕ್ಕೆ ಬಹಳ ಹತ್ತಿರವಾಗಿದೆ. ಎರಡನೆಯವರ ಉತ್ತರ ಓದಿದಾಗ ನನಗೆ ಹೊಳೆದದ್ದು ಇನ್ನೊಂದು: ತಂದೆಯವರ ಮೇಜಿನ ಪಕ್ಕದ ಜಾಗ ನನಗೆ ಸಹಜವಾಗಿ ಸಿಕ್ಕಿತು, ತಂಗಿಯನ್ನು ಅಲ್ಲಿಗೆ ಯಾರೂ ಕರೆಯಲಿಲ್ಲ. ಅವಳು ನನಗಿಂತ ತಾಳ್ಮೆಯುಳ್ಳವಳು. ಇದನ್ನು ಹೊಸಬರಿಗೆ ನನ್ನ ಕತೆ ಹೇಳುವಾಗ ಇನ್ನು ಮುಂದೆ ಸೇರಿಸಿಯೇ ಹೇಳುತ್ತೇನೆ.

ಒಂದು ಸಂದೇಹ ಉಳಿದಿದೆ. ಹಿಂದಿನ ಅನುಭವವನ್ನು ಕೇಳಬಾರದೆಂದರೆ, ದೋಷ ಹುಡುಕುವ ಬುದ್ಧಿ ಅಭ್ಯರ್ಥಿಯಲ್ಲಿದೆಯೇ ಎಂದು ತಿಳಿಯುವುದು ಹೇಗೆ? ನನ್ನ ಮಟ್ಟಿಗೆ ಈ ಕೆಲಸದಲ್ಲಿ ಅದಕ್ಕಿಂತ ಮುಖ್ಯವಾದ ಗುಣವಿಲ್ಲ.

ಎರಡನೆಯ ಉತ್ತರ ಬರೆದವರು

ಆ ಗುಣವನ್ನು ನೇರವಾಗಿಯೇ ನೋಡಬಹುದು. ನಾವು ಮಾಡುವುದು ಹೀಗೆ: ಸುಮಾರು ಇನ್ನೂರು ಸಾಲಿನ, ಚೆನ್ನಾಗಿ ಓದಿಸಿಕೊಳ್ಳುವ ಒಂದು ಪ್ರೋಗ್ರಾಮಿನಲ್ಲಿ ಒಂದು ದೋಷ ಇಟ್ಟು, ಅದನ್ನು ಓಡಿಸುವ ಬಗೆ, ಲಾಗ್ (ಓಡುವಾಗ ಪ್ರೋಗ್ರಾಂ ಬರೆದಿಡುವ ದಾಖಲೆ) ಸಿಗುವ ಜಾಗ, ಬರಬೇಕಾದ ಫಲಿತಾಂಶ ಇವನ್ನೆಲ್ಲ ಒಂದು ಪುಟದಲ್ಲಿ ಬರೆದು ಹಿಂದಿನ ದಿನವೇ ಕಳಿಸುತ್ತೇವೆ. ಪ್ರೋಗ್ರಾಮಿಂಗ್ ಭಾಷೆ ಅಭ್ಯರ್ಥಿಯ ಆಯ್ಕೆಗೆ ಬಿಟ್ಟದ್ದು. ಸಂದರ್ಶನದಲ್ಲಿ ಜೊತೆಗೆ ಕೂತು, ಎಲ್ಲಿಂದ ಹುಡುಕಲು ಶುರು ಮಾಡುತ್ತೀರಿ, ಈ ಪರೀಕ್ಷೆಯಿಂದ ಯಾವ ಭಾಗ ಅನುಮಾನದಿಂದ ಹೊರಗೆ ಹೋಯಿತು ಎಂದು ಮಾತ್ರ ಕೇಳುತ್ತೇವೆ. ದೋಷ ಸಿಗದೆ ಹೋದರೂ, ಹುಡುಕಾಟದ ಕ್ರಮ ಸರಿಯಿದ್ದವರನ್ನು ತೆಗೆದುಕೊಂಡಿದ್ದೇವೆ. ಹಾಗೆ ಬಂದವರಲ್ಲಿ ಒಬ್ಬರು ಇಪ್ಪತ್ತು ದಾಟುವವರೆಗೆ ಕಂಪ್ಯೂಟರ್ ಮುಟ್ಟದವರು. ನಮ್ಮ ತಂಡದಲ್ಲಿ ರಾತ್ರಿ ಸರ್ವರ್ ನಿಂತಾಗ ಎಲ್ಲರೂ ಮೊದಲು ಫೋನ್ ಮಾಡುವುದು ಅವರಿಗೇ. ಬೇಕಿದ್ದರೆ ಆ ಒಂದು ಪುಟದ ಮಾದರಿಯನ್ನು ಇಲ್ಲಿಯೇ ಹಾಕುತ್ತೇನೆ.